ಪುಟ್ಟ ಸಿಪ್ಯಾಪ್ ಹಿಡಿದು ಒಂದು ವರ್ಷ ತಿರುಗಾಡಿದ ಮೇಲೆ

ಮದುವೆ ಛತ್ರದ ಹಾಲ್‌ನಲ್ಲಿ ಜಮಖಾನ ಹಾಸಿ ಮೂವತ್ತು ಜನ ಸಾಲಾಗಿ ಮಲಗುವ ರಾತ್ರಿ ಇದೆಯಲ್ಲ, ಅಲ್ಲಿ ನನಗೆ ಅಂತಲೇ ಒಂದು ಜಾಗ ಇರುತ್ತಿತ್ತು. ಅಡುಗೆಮನೆ ಪಕ್ಕದ ಉಗ್ರಾಣ. ಕುಂಬಳಕಾಯಿ, ಎಲೆಕೋಸಿನ ಮೂಟೆಗಳ ಮಧ್ಯೆ. ಅಂಥ ಗೊರಕೆ ನನ್ನದು. ಮನೆಯವರೆಲ್ಲ ಅದನ್ನು ತಮಾಷೆ ಅಂತಲೇ ತಿಳಿದಿದ್ದೆವು, ಒಂದು ದಿನ ಶಿರಾ ದಾಟಿದ ಮೇಲೆ ಮಟಮಟ ಮಧ್ಯಾಹ್ನ ಸ್ಟೀರಿಂಗ್ ಹಿಡಿದುಕೊಂಡೇ ನಾನು ನಿದ್ದೆಗೆ ಜಾರುವ ತನಕ. ಪಕ್ಕದಲ್ಲಿದ್ದ ಹೆಂಡತಿ ಕಿರುಚಿದ್ದಕ್ಕೆ ಬದುಕಿದೆ.

ಸ್ಲೀಪ್ ಸ್ಟಡಿ, ಅಂದರೆ ಮಲಗಿದ್ದಾಗ ಉಸಿರಾಟ ಅಳೆಯುವ ಪರೀಕ್ಷೆ, ಮಾಡಿಸಿದರೆ ಎಎಚ್‌ಐ 38. ಅಂದರೆ ಗಂಟೆಗೆ 38 ಸಲ ಉಸಿರು ನಿಲ್ಲುತ್ತಿತ್ತು, ಇಲ್ಲವೇ ಅರ್ಧಂಬರ್ಧ ಆಡುತ್ತಿತ್ತು. 30 ದಾಟಿದರೆ ಜಾಸ್ತಿ ಅಂತಲೇ ಲೆಕ್ಕ. ಮನೆಗೆ ಸಿಪ್ಯಾಪ್ ಬಂತು, ನಿದ್ದೆಯಲ್ಲಿ ಗಂಟಲು ಮುಚ್ಚದ ಹಾಗೆ ಮಾಸ್ಕ್ ಮೂಲಕ ಗಾಳಿ ಒತ್ತಿ ಕಳಿಸುವ ಮೆಷಿನ್ ಅದು. ಹತ್ತು ವರ್ಷದಿಂದ ಕಾಣದ ನಿದ್ದೆ ಕಂಡೆ, ಅದರ ಕಥೆ ಬೇರೆ.

ತೊಂದರೆ ಶುರುವಾದದ್ದು ಊರೂರು ತಿರುಗುವಾಗ. ಕೆಲಸದ ಮೇಲೆ ತಿಂಗಳಿಗೆ ನಾಲ್ಕೈದು ರಾತ್ರಿ ಬೆಂಗಳೂರು–ಹುಬ್ಬಳ್ಳಿ ಓಡಾಟ ನನಗೆ. ಮನೆಯಲ್ಲಿರುವುದು ಏರ್‌ಸೆನ್ಸ್ 10 ಅನ್ನುವ ದೊಡ್ಡ ಮಾಡೆಲ್. ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ ಸೇರಿ ಒಂದೂಕಾಲು ಕೆಜಿ, ಅಡಾಪ್ಟರ್ ಬೇರೆ, ಪೈಪ್ ಬೇರೆ, ಅದಕ್ಕೇ ಒಂದು ಬ್ಯಾಗು. ಎರಡು ರಾತ್ರಿ ತಾನೇ ಅಂತ ಬಿಟ್ಟು ಹೋಗುತ್ತಿದ್ದೆ. ಇದು ನಾನು ಮಾಡಿದ ದೊಡ್ಡ ದಡ್ಡತನ. ಮೆಷಿನ್ ಇಲ್ಲದ ಮೊದಲ ರಾತ್ರಿಯೇ ಹಳೇ ಗೊರಕೆ ವಾಪಸ್, ಬೆಳಿಗ್ಗೆ ತಲೆ ಭಾರ, ಅದೇ ತಲೆಯಲ್ಲಿ ಹಾವೇರಿ ಕಡೆ ಕಾರ್ ಓಡಿಸಬೇಕು. ಕಾಯಿಲೆಗಿಂತ ಮರುದಿನದ ಡ್ರೈವಿಂಗ್ ಅಪಾಯ, ಅಲ್ವಾ?

ಅದಕ್ಕೇ ರೆಸ್‌ಮೆಡ್ ಕಂಪನಿಯವರ ಏರ್‌ಮಿನಿ ಅನ್ನುವ ಪುಟ್ಟ ಸಿಪ್ಯಾಪ್ ತೆಗೆದುಕೊಂಡೆ. ಒಂದು ವರ್ಷ ಆಯಿತು. ದುಬಾರಿ ಮಾಲು. ಮನೆಯಲ್ಲಿ ಒಂದು ಇದ್ದೂ ಇನ್ನೊಂದು ಬೇಕಾ ಅಂತ ಮನೆಯಲ್ಲಿ ಕೇಳಿದಾಗ ಉತ್ತರ ಇರಲಿಲ್ಲ.

ಮೊದಲು ಗಾತ್ರ. 300 ಗ್ರಾಂ. 13.6 ಸೆಂಟಿಮೀಟರ್ ಉದ್ದ, ಅಂಗೈ ಮೇಲೆ ಕೂರುತ್ತದೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಟಿಫಿನ್ ಬಾಕ್ಸ್ ಇಡುವ ಜಾಗ ಸಾಕು. ಪರದೆ ಇಲ್ಲ, ಮೇಲೆ ಬಟನ್ ಇದೆ, ಒತ್ತಿದರೆ ಶುರು. ಉಳಿದ ಸೆಟ್ಟಿಂಗ್, ನಿನ್ನೆ ರಾತ್ರಿ ಹೇಗಿತ್ತು ಅನ್ನುವ ಲೆಕ್ಕ ಎಲ್ಲ ಫೋನಿನ ಆ್ಯಪ್‌ನಲ್ಲಿ, ಬ್ಲೂಟೂತ್ ಮೂಲಕ. ನನ್ನಪ್ಪನಂಥವರಿಗೆ ಇದು ಆಗಿಬರಲ್ಲ. ಗಾಳಿಯ ಪ್ರೆಶರ್ 4ರಿಂದ 20ರವರೆಗೆ ತಾನೇ ಏರಿಳಿಸಿಕೊಳ್ಳುತ್ತದೆ, ಅಂದರೆ ಮನೆಯ ದೊಡ್ಡಣ್ಣ ಮಾಡುವ ಕೆಲಸವನ್ನೇ ಮಾಡುತ್ತದೆ. ನನ್ನ ಎಎಚ್‌ಐ ಎರಡರಲ್ಲೂ 3ರ ಕೆಳಗೇ ಇದೆ. ನನಗೆ ಬೇಕಿದ್ದದ್ದು ಇದೊಂದೇ.

ನೀರು ಬೇಡ ಅನ್ನುವುದು ಎರಡನೇ ಸುಖ. ಹ್ಯೂಮಿಡ್‌ಎಕ್ಸ್ ಅಂತ ಒಂದು ಪುಟ್ಟ ಬಿಲ್ಲೆ ಕೊಡುತ್ತಾರೆ. ನಾವು ಬಿಡುವ ಉಸಿರಿನ ತೇವವನ್ನು ಅದು ಹಿಡಿದಿಟ್ಟುಕೊಂಡು, ಎಳೆದುಕೊಳ್ಳುವ ಗಾಳಿಗೆ ವಾಪಸ್ ಸೇರಿಸುತ್ತದೆ. ರೈಲಿನಲ್ಲಿ ಡಿಸ್ಟಿಲ್ಡ್ ವಾಟರ್ ಹುಡುಕುವ ಗೋಳಿಲ್ಲ, ಕುಲುಕಾಟಕ್ಕೆ ನೀರು ಮೂಗಿಗೆ ಬರುವ ಭಯವಿಲ್ಲ. ಆದರೆ ಒಂದು ಬಿಲ್ಲೆ ಪೊಟ್ಟಣ ಒಡೆದ ಮೇಲೆ 30 ದಿನ ಅಷ್ಟೇ. ನಾಲ್ಕು ರಾತ್ರಿ ಬಳಸಿದರೂ ತಿಂಗಳಾದರೆ ಎಸೆಯಬೇಕು. ನನ್ನಂಥ ಜಿಪುಣನಿಗೆ ಹೊಟ್ಟೆ ಉರಿಯುತ್ತದೆ. ಮಂಗಳೂರು, ಕುಮಟಾ ಕಡೆ ಹೋದಾಗ ನಾನು ಹೊಸದು ಒಡೆಯುವುದೇ ಇಲ್ಲ, ಅಲ್ಲಿನ ಗಾಳಿಯೇ ಸಾಕಷ್ಟು ಒದ್ದೆ.

ಇನ್ನು ಮಾಸ್ಕ್ ಕಥೆ. ಇದನ್ನು ಕೊಳ್ಳುವ ಮುಂಚೆ ಓದಿ. ಇದಕ್ಕೆ ಅವರದೇ ಕೆಲವು ಮಾಸ್ಕ್‌ಗಳು ಮಾತ್ರ ಹೊಂದುತ್ತವೆ, ಒಂದೊಂದಕ್ಕೂ ಕನೆಕ್ಟರ್ ಬೇರೆ. ನಾನು ಮೂಗಿಗೆ ಮಾತ್ರ ಹಾಕುವ ಎನ್20 ಕೇಳಿದ್ದೆ. ಅಂಗಡಿಯವನು ಕಳಿಸಿದ್ದು ಬಾಯಿ ಮೂಗು ಎರಡೂ ಮುಚ್ಚುವ ಎಫ್20 ಸೆಟ್ಟು. ಬದಲಾಯಿಸಲು ಮೂರು ವಾರ ಹಿಡಿಯಿತು, ಅಷ್ಟೂ ದಿನ ಮೆಷಿನ್ ಸುಮ್ನೆ ಬೀರುವಿನಲ್ಲಿತ್ತು. ಎರಡನೇ ತಪ್ಪು ನನ್ನದೇ. ಶಿವಮೊಗ್ಗಕ್ಕೆ ಹೋಗಿ ರಾತ್ರಿ ಹತ್ತಕ್ಕೆ ಬ್ಯಾಗ್ ಬಿಚ್ಚಿದರೆ ಮೆಷಿನ್ ಇದೆ, ಪೈಪ್ ಇದೆ, ಮಾಸ್ಕ್ ಇದೆ, ನಡುವೆ ಕೂರಿಸುವ ಬೆರಳುದ್ದದ ಕನೆಕ್ಟರ್ ಮನೆಯ ಬಚ್ಚಲಲ್ಲಿ ತೊಳೆದು ಒಣಗಲು ಇಟ್ಟಿದ್ದೇನೆ! ಆ ರಾತ್ರಿ ದಿಂಬನ್ನು ಬೆನ್ನಿಗೆ ಒತ್ತಿಟ್ಟುಕೊಂಡು ಒಂದೇ ಮಗ್ಗುಲಲ್ಲಿ ಮಲಗಿದೆ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಇನ್ನೂ ಮುಚ್ಚುತ್ತದೆ, ಮಗ್ಗುಲಾದರೆ ಸ್ವಲ್ಪ ವಾಸಿ. ಮರುದಿನ ಕಾರ್ ಮುಟ್ಟಲಿಲ್ಲ, ಬಸ್ಸಿನಲ್ಲಿ ಬಂದೆ. ಈಗ ಮನೆಯ ಮಾಸ್ಕ್ ಬೇರೆ, ಬ್ಯಾಗಿನ ಮಾಸ್ಕ್ ಬೇರೆ. ಬ್ಯಾಗಿನದು ಬ್ಯಾಗಿನಲ್ಲೇ.

ಈಗ ಕರೆಂಟು. ಏರ್‌ಮಿನಿಯ ಒಳಗೆ ಬ್ಯಾಟರಿ ಇಲ್ಲ. ಇಷ್ಟು ಪುಟ್ಟದು, ಮೊಬೈಲ್ ತರಹ ಚಾರ್ಜ್ ಆಗುತ್ತದೆ ಅಂತ ಅಂದುಕೊಂಡವರು ನನಗೇ ಮೂರು ಜನ ಸಿಕ್ಕಿದ್ದಾರೆ. ಇದಕ್ಕೆ ಬೇಕಾದ್ದು 24 ವೋಲ್ಟ್. ಸ್ಲೀಪರ್ ಬಸ್ಸಿನ ಯುಎಸ್‌ಬಿ ತೂತಿನಲ್ಲಿ ಬರುವುದು 5 ವೋಲ್ಟ್, ಮಾಮೂಲಿ ಪವರ್ ಬ್ಯಾಂಕ್‌ನದೂ ಅಷ್ಟೇ. ಆಗಲ್ಲ. ರೈಲಿನ ಎಸಿ ಬೋಗಿಯಲ್ಲಿ ಸಾಕೆಟ್ ಇರುತ್ತದೆ, ಅಲ್ಲಿ ಬರುವುದು 110 ವೋಲ್ಟ್, ಅಡಾಪ್ಟರ್ 100ರಿಂದ 240ರವರೆಗೆ ತಡೆದುಕೊಳ್ಳುವುದರಿಂದ ಅದು ಸಮಸ್ಯೆಯಲ್ಲ. ಸಮಸ್ಯೆ ಏನೆಂದರೆ, ಬೆಂಕಿಯ ಭಯಕ್ಕೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಬಂದ್ ಮಾಡುವ ವಿಚಾರ 2021ರಲ್ಲಿ ಪೇಪರ್‌ಗಳಲ್ಲೆಲ್ಲ ಬಂದಿತ್ತು. ನಮಗೆ ಕರೆಂಟ್ ಬೇಕಾಗುವುದೇ ಆ ಹೊತ್ತಿಗೆ. ಹಾಗಾಗಿ ರೈಲಿನ ಸಾಕೆಟ್ ನಂಬಿ ಹೊರಡಬೇಡಿ. ಲೋವರ್ ಇಲ್ಲವೇ ಸೈಡ್ ಲೋವರ್ ಸಿಕ್ಕರೆ ಸಾಕೆಟ್ ಹತ್ತಿರ, ಅಪ್ಪರ್ ಸಿಕ್ಕರೆ ವೈರ್ ತೂಗಾಡುತ್ತದೆ. ನನಗಿನ್ನೂ ಅರವತ್ತು ಆಗಿಲ್ಲ, ಲೋವರ್ ಬರ್ತ್ ಕೋಟಾ ಸಿಗಲ್ಲ. ಎದುರಿನವರಿಗೆ ವಿವರಿಸಿ ಬದಲಾಯಿಸಿಕೊಳ್ಳುತ್ತೇನೆ.

ಆ ವಿವರಣೆಯೇ ಒಂದು ಪ್ರಹಸನ. ಕೋವಿಡ್ ಆದ ಮೇಲೆ ಮುಖಕ್ಕೆ ಪೈಪ್ ಕಂಡರೆ ಜನ ಹೆದರುತ್ತಾರೆ. ದಾವಣಗೆರೆಯಲ್ಲಿ ಹತ್ತಿದ ಅಜ್ಜಿಯೊಬ್ಬರು "ಆಕ್ಸಿಜನ್ನೇನಪ್ಪಾ?" ಅಂತ ಕೇಳಿ ಸೆರಗು ಮೂಗಿಗೆ ಹಿಡಿದುಕೊಂಡರು. ಆಕ್ಸಿಜನ್ ಅಲ್ಲಮ್ಮ, ಇದೇ ಬೋಗಿಯ ಗಾಳಿಯನ್ನೇ ಒತ್ತಿ ಕಳಿಸುತ್ತದೆ, ಗಂಟಲು ಮುಚ್ಚದ ಹಾಗೆ, ಅಂದೆ. "ನಮ್ಮೆಜಮಾನ್ರಿಗೂ ಬೇಕಿತ್ತು" ಅಂತ ಮೇಲಿನ ಬರ್ತ್ ಕಡೆ ನೋಡಿದರು. ಅಲ್ಲಿಂದ ಗರಗಸ ಶುರುವಾಗಿತ್ತು.

ಕೊನೆಗೆ ನಾನು ಬ್ಯಾಟರಿಯನ್ನೂ ಕೊಂಡೆ. 24 ವೋಲ್ಟಿನದು, 95 ವ್ಯಾಟ್-ಅವರ್. ನನ್ನ ಪ್ರೆಶರ್ 9ರ ಆಸುಪಾಸು, ಒಂದು ರಾತ್ರಿ ಕಳೆದು ಇನ್ನೂ ಸ್ವಲ್ಪ ಉಳಿಯುತ್ತದೆ. ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ಹೆಂಡತಿ ತವರಲ್ಲಿ ಎರಡು ದಿನ ಕರೆಂಟ್ ಇಲ್ಲದಾಗ ನನ್ನನ್ನು ಕಾದದ್ದು ಇದೇ (ಎರಡನೇ ರಾತ್ರಿಗೆ ಪಕ್ಕದ ಮನೆಯ ಇನ್ವರ್ಟರ್‌ನಲ್ಲಿ ಚಾರ್ಜ್ ಮಾಡಿಸಿಕೊಂಡೆ, ಸಂಕೋಚ ಬಿಟ್ಟು). 95 ಅನ್ನುವ ಅಂಕಿಗೂ ಕಾರಣ ಇದೆ. ವಿಮಾನದಲ್ಲಿ 100 ವ್ಯಾಟ್-ಅವರ್ ತನಕದ ಬ್ಯಾಟರಿಯನ್ನು ಕೈಚೀಲದಲ್ಲಿ ಒಯ್ಯಬಹುದು, ಅದಕ್ಕೂ ದೊಡ್ಡದಾದರೆ 160ರ ತನಕ ಏರ್‌ಲೈನ್‌ನವರ ಒಪ್ಪಿಗೆ ಬೇಕು. ಚೆಕ್-ಇನ್ ಲಗೇಜಿಗೆ ಬಿಡಿ ಲಿಥಿಯಂ ಬ್ಯಾಟರಿ ಹಾಕುವ ಹಾಗೇ ಇಲ್ಲ. ಮೆಷಿನ್ನನ್ನೂ ಹಾಕಬೇಡಿ, ಲಗೇಜ್ ತಪ್ಪಿದರೆ ನಿದ್ದೆಯೂ ತಪ್ಪುತ್ತದೆ. ಸೆಕ್ಯುರಿಟಿಯಲ್ಲಿ ಲ್ಯಾಪ್‌ಟಾಪ್ ತೆಗೆಯುವಾಗಲೇ ಇದನ್ನೂ ಟ್ರೇಗೆ ಹಾಕುತ್ತೇನೆ, ಡಾಕ್ಟರ ಚೀಟಿ ಜೊತೆಗಿರುತ್ತದೆ.

ಸದ್ದು 30 ಡೆಸಿಬೆಲ್ ಅನ್ನುತ್ತಾರೆ. ರೈಲಿನ ಗದ್ದಲದಲ್ಲಿ ಕೇಳುವುದೇ ಇಲ್ಲ. ಇನ್ನು ಎತ್ತರ. 2,591 ಮೀಟರ್ ತನಕ ಬಳಸಬಹುದು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ಆಸುಪಾಸು, ಇಲ್ಲೆಲ್ಲೂ ಚಿಂತೆಯಿಲ್ಲ. ಗೆಳೆಯರು ಲೇಹ್‌ಗೆ ಹೊರಟಾಗ ಮಾತ್ರ ಹಿಂದೆ ಸರಿದೆ. ಅದು 3,500 ಮೀಟರ್. ಅಲ್ಲಿಗೆ ಹೋಗುವವರು ಮೊದಲು ಡಾಕ್ಟರ ಹತ್ತಿರ ಮಾತಾಡಿ. ಹಾಂ, ಟೂರಿನ ರಾತ್ರಿ ಎರಡು ಪೆಗ್ ಹಾಕುವ ಅಭ್ಯಾಸ ಇದ್ದರೆ, ಅದು ಗಂಟಲನ್ನು ಇನ್ನೂ ಸಡಿಲ ಮಾಡುತ್ತದೆ. ನಿದ್ದೆ ಮಾತ್ರೆಯನ್ನೂ ಕೇಳದೆ ನುಂಗಬೇಡಿ.

ಸೆಕೆಂಡ್ ಹ್ಯಾಂಡ್ ಸಿಗುತ್ತದಾ ಅಂತ ತುಂಬ ಜನ ಕೇಳುತ್ತಾರೆ. ನಾನಂತೂ ತೆಗೆದುಕೊಳ್ಳಲ್ಲ. 2021ರ ಜೂನ್‌ನಲ್ಲಿ ಫಿಲಿಪ್ಸ್ ತನ್ನ ಲಕ್ಷಾಂತರ ಮೆಷಿನ್‌ಗಳನ್ನು ವಾಪಸ್ ಕರೆಸಿತ್ತು, ಒಳಗೆ ಸದ್ದು ತಗ್ಗಿಸಲು ಇಟ್ಟ ಫೋಮ್ ಪುಡಿಯಾಗಿ ಗಾಳಿ ಜೊತೆ ಬರಬಹುದು ಅಂತ. ಟ್ರಾವೆಲ್ ಮಾಡೆಲ್ ಡ್ರೀಮ್‌ಸ್ಟೇಷನ್ ಗೋ ಕೂಡ ಆ ಪಟ್ಟಿಯಲ್ಲಿತ್ತು. ಯಾರೋ ಬಳಸಿದ್ದು, ಯಾವ ವರ್ಷದ್ದೋ, ಅಂಥದ್ದಕ್ಕೆ ಮೂಗು ಕೊಡಲು ನನಗೆ ಧೈರ್ಯವಿಲ್ಲ.

ತಿಂಗಳಿಗೆ ಮೂರು ನಾಲ್ಕು ರಾತ್ರಿ ಹೊರಗೆ ಮಲಗುವವರಾದರೆ ಏರ್‌ಮಿನಿ ತೆಗೆದುಕೊಳ್ಳಿ, ಬ್ಯಾಟರಿಯ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಿ. ವರ್ಷಕ್ಕೆ ಎರಡು ಸಲ ಧರ್ಮಸ್ಥಳಕ್ಕೋ ತಿರುಪತಿಗೋ ಹೋಗಿ ಬರುವವರಿಗೆ ಬೇಡವೇ ಬೇಡ. ಮನೆಯ ಮೆಷಿನ್ನನ್ನೇ ಒಯ್ಯಿರಿ, ಹೊರಡುವ ಮುಂಚೆ ಡಬ್ಬಿಯ ನೀರು ಪೂರ್ತಿ ಚೆಲ್ಲಿ, ಇಲ್ಲದಿದ್ದರೆ ಮೋಟರಿಗೆ ಇಳಿಯುತ್ತದೆ. ಒಂದು ಉದ್ದನೆಯ ಎಕ್ಸ್‌ಟೆನ್ಷನ್ ಬಾಕ್ಸ್ ಜೊತೆಗಿರಲಿ. ಲಾಡ್ಜ್ ರೂಮುಗಳಲ್ಲಿ ಸಾಕೆಟ್ ಇರುವುದು ಟಿವಿ ಹಿಂದೆ, ಮಂಚ ಇರುವುದು ಎದುರಿನ ಗೋಡೆಗೆ.