ಹಳೆಯ ಮನೆಯನ್ನು ಓದಲು ಕಲಿಸುವ ಉಪನ್ಯಾಸ ಮಾಲೆ: ಶಿರಸಿಯಿಂದ ಒಂದು ವಿಮರ್ಶೆ

ಮಳೆಗಾಲ ಮುಗಿದ ಮೇಲೆ ಶಿರಸಿಯಲ್ಲಿ ನಾಲ್ಕು ಭಾನುವಾರಗಳ ಮಧ್ಯಾಹ್ನ ನಡೆದ, ಇಂಗ್ಲೆಂಡಿನ ಹಳ್ಳಿಗಾಡಿನ ಹಳೆಯ ಮಹಾಗೃಹಗಳನ್ನು ಕುರಿತ ಉಪನ್ಯಾಸ ಮಾಲೆಗೆ ಶುಲ್ಕ 600 ರೂಪಾಯಿ ಎಂದು ಕೇಳಿದಾಗ, ಇಷ್ಟು ಕೊಟ್ಟು ನಮ್ಮೂರಿನಲ್ಲಿ ಯಾರು ಬರುತ್ತಾರೆ ಎಂದು ಹಲವರು ಸಂದೇಹಪಟ್ಟಿದ್ದರು. ಮೊದಲ ದಿನವೇ ಕುರ್ಚಿಗಳು ಸಾಲಲಿಲ್ಲ. ಅಡಿಕೆ ತೋಟದವರು, ಮರಗೆಲಸದ ಆಚಾರಿಗಳು, ಕಾರವಾರ ಮತ್ತು ಕುಮಟಾದಿಂದ ಬಂದ ಎಂಜಿನಿಯರುಗಳು, ಹಿರಿಯರ ಕಾಲದ ಮನೆಯನ್ನು ಉಳಿಸುವುದೋ ಕೆಡವುವುದೋ ಎಂಬ ಗೊಂದಲದಲ್ಲಿದ್ದ ಹಲವು ಕುಟುಂಬದವರು ಅಲ್ಲಿದ್ದರು. ಕೊಟ್ಟ ಹಣಕ್ಕೆ ಮೋಸವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೊರತೆಗಳೂ ಇದ್ದವು, ಅವನ್ನು ಮುಂದೆ ಬರೆದಿದ್ದೇನೆ.

ಉಪನ್ಯಾಸಕರು ನಿವೃತ್ತ ವಾಸ್ತುಶಿಲ್ಪಿ. ಹತ್ತಾರು ಮನೆಗಳ ಚಿತ್ರಗಳನ್ನು ಓಡಿಸಿ ತೋರಿಸುವ ಬದಲು ಡರ್ಬಿಷೈರ್ ಪ್ರಾಂತದ ಹಾರ್ಡ್‌ವಿಕ್ ಹಾಲ್ ಎಂಬ ಒಂದೇ ಮನೆಯನ್ನು ಹಿಡಿದುಕೊಂಡು ಅವರು ಮೂರು ತರಗತಿಗಳನ್ನು ನಡೆಸಿದರು. ಈ ಆಯ್ಕೆ ತುಂಬ ಸರಿಯಾದದ್ದು ಎಂದು ನನ್ನ ಅಭಿಪ್ರಾಯ. 1590ರಿಂದ 1597ರ ನಡುವೆ ಈ ಮನೆಯನ್ನು ಕಟ್ಟಿಸಿದವಳು ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್. ಜನ ಆಕೆಯನ್ನು ಬೆಸ್ ಆಫ್ ಹಾರ್ಡ್‌ವಿಕ್ ಎಂದೇ ಕರೆಯುತ್ತಾರೆ. ಸಾಧಾರಣ ಜಮೀನುದಾರರ ಮನೆಯಲ್ಲಿ ಹುಟ್ಟಿ, ನಾಲ್ಕು ಮದುವೆಗಳ ಮೂಲಕ ಏರಿ, ಕೊನೆಗೆ ರಾಣಿಯ ನಂತರ ಇಂಗ್ಲೆಂಡಿನ ಅತಿ ಶ್ರೀಮಂತ ಸ್ತ್ರೀಯರಲ್ಲಿ ಒಬ್ಬಳೆನಿಸಿಕೊಂಡ ಈಕೆ, ಮನೆಯ ಆರು ಗೋಪುರಗಳ ತುದಿಯಲ್ಲಿ ಕಿರೀಟದ ಕೆಳಗೆ ಎಲಿಜಬೆತ್ ಶ್ರೂಸ್‌ಬರಿ ಎಂಬ ತನ್ನ ಹೆಸರಿನ ಮೊದಲಕ್ಷರಗಳಾದ ಇ ಮತ್ತು ಎಸ್‌ಗಳನ್ನು ಕಲ್ಲಿನಲ್ಲಿ ಕಡೆಸಿ ನಿಲ್ಲಿಸಿದಳು. ವಿನ್ಯಾಸ ಆ ಕಾಲದ ವಾಸ್ತುಶಿಲ್ಪಿ ರಾಬರ್ಟ್ ಸ್ಮಿತ್‌ಸನ್‌ನದು ಎಂದು ಇತಿಹಾಸಕಾರರು ಒಪ್ಪುತ್ತಾರೆ. ಕಟ್ಟಡದ ಖರ್ಚಿನ ಲೆಕ್ಕದ ಪುಸ್ತಕಗಳು ಇಂದಿಗೂ ಉಳಿದಿದ್ದು, ಅವುಗಳಲ್ಲಿ ಬೆಸ್ ಸ್ವತಃ ಸಹಿ ಹಾಕಿದ್ದಾಳೆ ಎಂದು ತಿಳಿದಾಗ, ತೋಟದ ಕೂಲಿಯ ಲೆಕ್ಕವನ್ನು ತಾವೇ ಬರೆದಿಡುವ ನಮ್ಮ ಕಡೆಯ ಹೆಂಗಸರು ಕೂತಲ್ಲಿಂದಲೇ ಮುಂದಕ್ಕೆ ಬಾಗಿ ಕೇಳಿದ್ದನ್ನು ನಾನು ಗಮನಿಸಿದೆ.

ಎರಡನೆಯ ತರಗತಿ ಇಡೀ ಮಾಲೆಯ ಜೀವಾಳ. ಅಂದು ಉಪನ್ಯಾಸಕರು ಮನೆಯ ನಕ್ಷೆಯನ್ನು ಪರದೆಯ ಮೇಲಿಟ್ಟು, ಅಂತಸ್ತಿನಿಂದ ಅಂತಸ್ತಿಗೆ ನಮ್ಮನ್ನು ಹತ್ತಿಸಿಕೊಂಡು ಹೋದರು. ಹಾರ್ಡ್‌ವಿಕ್‌ನಲ್ಲಿ ಮೇಲೆ ಹೋದಂತೆ ಮಾಳಿಗೆಗಳ ಎತ್ತರ ಹೆಚ್ಚುತ್ತದೆ, ಕಿಟಕಿಗಳೂ ದೊಡ್ಡದಾಗುತ್ತವೆ. ನೆಲದ ಅಂತಸ್ತಿನಲ್ಲಿ ಅಡುಗೆಮನೆ ಮತ್ತು ಸೇವಕರ ಓಡಾಟ, ಅದರ ಮೇಲೆ ಮನೆಯವರ ದಿನನಿತ್ಯದ ಕೋಣೆಗಳು, ಎಲ್ಲಕ್ಕಿಂತ ಮೇಲೆ ದೊಡ್ಡ ಅತಿಥಿಗಳನ್ನು ಬರಮಾಡಿಕೊಳ್ಳುವ ಹೈ ಗ್ರೇಟ್ ಚೇಂಬರ್ ಮತ್ತು ಸುಮಾರು 50 ಮೀಟರ್ ಉದ್ದದ ಲಾಂಗ್ ಗ್ಯಾಲರಿ. ಹಳೆಯ ಇಂಗ್ಲಿಷ್ ಮನೆಗಳಲ್ಲಿ ಮುಂಭಾಗಕ್ಕೆ ಸಮಾನಾಂತರವಾಗಿ ಮಲಗಿರುತ್ತಿದ್ದ ದೊಡ್ಡ ಹಜಾರವನ್ನು ಸ್ಮಿತ್‌ಸನ್ ತಿರುಗಿಸಿ, ಮನೆಯ ನಡುವೆ ಮುಂದಿನಿಂದ ಹಿಂದಕ್ಕೆ ಹಾಯುವಂತೆ ಇಟ್ಟ. ಇದರಿಂದಾಗಿ ಬಾಗಿಲು ನಟ್ಟನಡುವೆ ಬಂದು, ಎಡಬಲಗಳು ಒಂದೇ ಅಳತೆಗೆ ಕೂಡಿದವು. ಗಾಜು ವಿಪರೀತ ದುಬಾರಿಯಾಗಿದ್ದ ಆ ಕಾಲದಲ್ಲಿ ಈ ಮನೆಯಲ್ಲಿ ಗೋಡೆಗಿಂತ ಗಾಜೇ ಹೆಚ್ಚು ಎಂದು ಜನ ಪ್ರಾಸ ಕಟ್ಟಿ ಹೇಳುವಷ್ಟು ಕಿಟಕಿಗಳಿವೆ.

ಅಷ್ಟೊಂದು ಕಿಟಕಿ ಇಟ್ಟರೆ ಹೊಗೆ ಹೋಗುವುದೆಲ್ಲಿಂದ ಎಂದು ಹಿರಿಯ ಆಚಾರಿಯೊಬ್ಬರು ಕೇಳಿದ ಪ್ರಶ್ನೆ ಆ ದಿನದ ಅತ್ಯುತ್ತಮ ಪ್ರಶ್ನೆ. ಹೊರಗೋಡೆಗಳನ್ನು ಕಿಟಕಿಗಳಿಗೆ ಬಿಟ್ಟುಕೊಟ್ಟು ಹೊಗೆ ಕೊಳವೆಗಳನ್ನು ಬಹುಮಟ್ಟಿಗೆ ಒಳಗಿನ ದಪ್ಪ ಗೋಡೆಗಳಲ್ಲೇ ಏರಿಸಲಾಗಿದೆ, ಕೆಲವು ಕಡೆ ಹೊರಗಿನಿಂದ ಕಿಟಕಿಯಂತೆ ಕಾಣುವುದರ ಹಿಂದೆ ಕೋಣೆಯೇ ಇಲ್ಲ ಎಂಬುದನ್ನು ಉಪನ್ಯಾಸಕರು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದರು. 1601ರಲ್ಲಿ ಮಾಡಿದ ಮನೆಯ ಸಾಮಾನಿನ ಪಟ್ಟಿಯೂ ಉಳಿದಿದೆ. ಬೆಸ್‌ಳ ಮಲಗುವ ಕೋಣೆಯಲ್ಲಿ ಎಷ್ಟೊಂದು ಕಂಬಳಿ, ಹೊದಿಕೆ, ಪರದೆಗಳಿದ್ದವೆಂಬುದನ್ನು ಅದು ಹೇಳುತ್ತದೆ. ಗಾಜಿನ ವೈಭವದ ಜೊತೆಗೆ ಚಳಿಯೂ ಬಂದಿತ್ತೆಂಬುದು ಅದರಿಂದ ಸ್ಪಷ್ಟವಾಗುತ್ತದೆ. ವೈಭವವನ್ನೂ ಅದರ ಕಷ್ಟವನ್ನೂ ಹೀಗೆ ಒಟ್ಟಿಗೆ ಇಟ್ಟು ತೋರಿಸುವ ಪಾಠ ಅಪರೂಪ. ಬೈಬಲ್ಲಿನ ಗಿಡಿಯೋನನ ಕಥೆಯ ಹದಿಮೂರು ನೇಯ್ಗೆ ಚಿತ್ರಗಳನ್ನು 1592ರಲ್ಲಿ ಕೊಂಡು ಗ್ಯಾಲರಿಯಲ್ಲಿ ತೂಗುಹಾಕಿದ್ದು, ಅವುಗಳ ಸಂರಕ್ಷಣೆಗೆ 24 ವರ್ಷ ಹಿಡಿದು 2023ರಲ್ಲಿ ಮುಗಿದದ್ದು, ಇವನ್ನು ಅವರು ಬೇಗ ಹೇಳಿ ಮುಗಿಸಿದರು.

ಮನೆಯ ಇತಿಹಾಸವನ್ನು ಹೇಳುವಾಗ ಉಪನ್ಯಾಸಕರು ಹಣದ ಮಾತನ್ನು ಮರೆಮಾಚಲಿಲ್ಲ, ಅದಕ್ಕಾಗಿ ಅವರಿಗೆ ನನ್ನ ಗೌರವ. ಬೆಸ್‌ಳ ಮಗ ವಿಲಿಯಂನ ವಂಶದವರು ಡೆವನ್‌ಷೈರ್‌ನ ಡ್ಯೂಕ್‌ಗಳಾಗಿ ಹೆಚ್ಚಾಗಿ ಚಾಟ್ಸ್‌ವರ್ತ್ ಎಂಬ ತಮ್ಮ ಇನ್ನೊಂದು ಮಹಾಗೃಹದಲ್ಲಿ ನೆಲೆಸಿದ್ದರಿಂದ, ಹಾರ್ಡ್‌ವಿಕ್ ಹೊಸ ಫ್ಯಾಷನ್ನಿನ ಕೈಗೆ ಸಿಗದೆ ಬಹುಮಟ್ಟಿಗೆ ಹಾಗೆಯೇ ಉಳಿಯಿತು. 1950ರಲ್ಲಿ ಹತ್ತನೆಯ ಡ್ಯೂಕ್ ತೀರಿಕೊಂಡಾಗ ಆಸ್ತಿಯ ಮೇಲೆ ಶೇಕಡಾ 80ರ ಮರಣ ತೆರಿಗೆ ಬಿತ್ತು; ಆಸ್ತಿಯನ್ನು ಮುಂಚಿತವಾಗಿ ವರ್ಗಾಯಿಸಿದ್ದರೂ, ತೆರಿಗೆ ತಪ್ಪಲು ಬೇಕಾಗಿದ್ದ ಐದು ವರ್ಷದ ಅವಧಿಗೆ ಕೆಲವೇ ವಾರ ಬಾಕಿಯಿತ್ತು. ಕೊನೆಗೆ ತೆರಿಗೆಯ ಬದಲಿಗೆ ಹಾರ್ಡ್‌ವಿಕ್ ಸರಕಾರಕ್ಕೆ ಹೋಗಿ, 1959ರಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಶನಲ್ ಟ್ರಸ್ಟ್ ಸಂಸ್ಥೆಯ ಸ್ವಾಧೀನಕ್ಕೆ ಬಂತು. ಅದೇ ದಶಕದಲ್ಲಿ ಇಂಗ್ಲೆಂಡಿನಲ್ಲಿ ನೂರಾರು ದೊಡ್ಡ ಮನೆಗಳು ನೆಲಸಮವಾದವು. ನಮ್ಮ ದೇಶದಲ್ಲೂ 1953ರಿಂದ 1985ರವರೆಗೆ ಎಸ್ಟೇಟ್ ಡ್ಯೂಟಿ ಎಂಬ ಇಂಥದೇ ಮರಣ ತೆರಿಗೆ ಇತ್ತು. ಆದರೆ ನಮ್ಮ ಘಟ್ಟದ ಮೇಲಿನ ಮನೆಗಳು ಮುರಿಯುವುದು ಹೆಚ್ಚಾಗಿ ಹಿಸ್ಸೆಯಿಂದ. ಅಣ್ಣತಮ್ಮಂದಿರು ಪಾಲಾದಾಗ ಜಗಲಿಯ ನಡುವೆ ಗೋಡೆ ಏಳುತ್ತದೆ, ಕೆಲವು ವರ್ಷಗಳ ನಂತರ ಹಳೆ ಮರದ ವ್ಯಾಪಾರಿ ಬಂದು ಮುಂಡಿಗೆ, ಬಾಗಿಲುವಾಡಗಳನ್ನು ರೆಸಾರ್ಟಿಗೆಂದು ಲಾರಿಗೆ ಹೇರಿಕೊಂಡು ಹೋಗುತ್ತಾನೆ. ಈ ವಿಷಯ ಬಂದಾಗ ಸಭೆಯಲ್ಲಿ ನಡೆದ ಚರ್ಚೆ ನಿಗದಿತ ಸಮಯವನ್ನು ಮೀರಿತು, ಮೀರಿದ್ದೇ ಒಳ್ಳೆಯದಾಯಿತು.

ನಾಲ್ಕನೆಯ ಭಾನುವಾರ ಶಿರಸಿಯ ಸಮೀಪದ ಒಂದು ಹಳೆಯ ಮನೆಗೆ ಕರೆದೊಯ್ದರು. ಮನೆಯ ಹಿರಿಯ ಅಮ್ಮ ಎಲ್ಲರಿಗೂ ಬೆಲ್ಲ, ನೀರು ಕೊಟ್ಟು, "ಒಳಗೆ ಬನ್ನಿ, ಅಟ್ಟಾನೂ ನೋಡಿ" ಎಂದರು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿದು ಕಪ್ಪಾಗಿ ಮಿರುಗುತ್ತಿದ್ದ ತೊಲೆಗಳಿಗೆ ಹುಳು ಮುಟ್ಟಿರಲಿಲ್ಲ. ಆಮೇಲೆ ಸೇರಿಸಿದ, ಹೊಗೆ ತಲುಪದ ಹೊಳ್ಳಿಯ, ಅಂದರೆ ಹೊರಜಗಲಿಯ, ಪಕಾಸುಗಳನ್ನು ಬೆರಳಿನಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ಹಾರ್ಡ್‌ವಿಕ್ ಹೊಗೆಯನ್ನು ಗೋಡೆಯೊಳಗೆ ಅಡಗಿಸಿ ಹೊರಗೆ ಕಳಿಸಿದರೆ, ಇಲ್ಲಿಯವರು ಅದನ್ನು ಅಡಿಕೆ ಒಣಗಿಸಲು ಮತ್ತು ಮರವನ್ನು ಕಾಯಲು ಮನೆಯೊಳಗೇ ದುಡಿಸಿಕೊಂಡರು. ಗ್ಯಾಸ್ ಒಲೆ ಬಂದ ಮೇಲೆ ಹಳೆಯ ಮಾಡುಗಳು ಏಕೆ ಬೇಗ ಕೆಡುತ್ತಿವೆ ಎಂಬುದಕ್ಕೆ ಇದೂ ಒಂದು ಕಾರಣವೆಂದು ಆಚಾರಿಗಳು ವಿವರಿಸಿದರು. ಇಂಗ್ಲೆಂಡಿನ ಮನೆಯನ್ನು ಮೂರು ವಾರ ಪ್ರಶ್ನಿಸಿ ರೂಢಿಯಾಗಿದ್ದರಿಂದಲೇ ನಾವು ಆ ಅಟ್ಟದಲ್ಲಿ ನಿಂತು ಸರಿಯಾದ ಪ್ರಶ್ನೆ ಕೇಳಲು ಸಾಧ್ಯವಾಯಿತು. ಈ ಮಾಲೆಯ ನಿಜವಾದ ಬೆಲೆ ಇರುವುದು ಇಲ್ಲಿ.

ಈಗ ಕೊರತೆಗಳು. ನಮಗೆ ಕೊಟ್ಟ ನಕ್ಷೆಯ ಜೆರಾಕ್ಸ್ ಪ್ರತಿಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಎಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಸುವುದು ದೊಡ್ಡ ಕೆಲಸವೇನಲ್ಲ. ಬೆಸ್‌ಳ ಗಂಡಂದಿರ ಕಥೆಗೆ ಅರ್ಧ ತರಗತಿ ಹೋಯಿತು, ಅಡುಗೆಮನೆ ಮತ್ತು ಆಳುಕಾಳುಗಳಿಗೆ ಹತ್ತು ನಿಮಿಷವೂ ಸಿಗಲಿಲ್ಲ. ಮೂರನೆಯ ಅಂತಸ್ತಿಗೆ ಬಿಸಿನೀರು ಹೊತ್ತವರು ಯಾರು ಎಂದು ನನ್ನ ಪಕ್ಕದಲ್ಲಿದ್ದ ಅಕ್ಕ ಕೇಳಿದ್ದಕ್ಕೆ ಸಮಾಧಾನಕರ ಉತ್ತರ ಬರಲಿಲ್ಲ. ಕಾರವಾರದ ವಿಷಯ ಬಿಟ್ಟುಹೋದದ್ದು ಇದಕ್ಕಿಂತ ದೊಡ್ಡ ಲೋಪ. 1862ರಲ್ಲಿ ಉತ್ತರ ಕನ್ನಡವು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಬ್ರಿಟಿಷ್ ಅಧಿಕಾರಿಗಳು ವಾಸಿಸಿದ ಊರು ಅದು. ತಮ್ಮ ನಾಡಿನಲ್ಲಿ ಬಿಸಿಲಿಗಾಗಿ ಗಾಜು ಹಾಸಿದ ಜನ ನಮ್ಮ ಕರಾವಳಿಗೆ ಬಂದಾಗ ಬಿಸಿಲನ್ನೂ ಮಳೆಯನ್ನೂ ದೂರವಿಡಲು ವರಾಂಡ ಸುತ್ತಿದ ಬಂಗಲೆಗಳನ್ನು ಏಕೆ ಆರಿಸಿಕೊಂಡರು ಎಂಬುದು ಐದನೆಯ ತರಗತಿಗೆ ಯೋಗ್ಯ ವಿಷಯ.

ಹಳೆಯ ಮನೆ ಇರುವವರು, ಅದರಲ್ಲೂ ಕೆಡವುವ ಮಾತುಕತೆ ನಡೆಯುತ್ತಿರುವವರು, ಮುಂದಿನ ಮಾಲೆಗೆ ಖಂಡಿತ ಹೋಗಬೇಕು. ಮನೆಯ ಅಳತೆ ಬರೆದುಕೊಂಡು ಹೋದರೆ ಕೊನೆಯ ಅರ್ಧ ಗಂಟೆಯಲ್ಲಿ ಉಪನ್ಯಾಸಕರು ಅದನ್ನು ನೋಡಿ ಸಲಹೆ ಕೊಡುತ್ತಾರೆ, ಅದಕ್ಕೆ ಬೇರೆ ಶುಲ್ಕವಿಲ್ಲ. ಇಂಗ್ಲೆಂಡಿನ ರಾಜಮನೆತನದ ಕಥೆಗಳನ್ನಷ್ಟೇ ಬಯಸುವವರಿಗೆ ಎರಡನೆಯ ತರಗತಿ ಭಾರವೆನಿಸಬಹುದು. ಸಭಾಂಗಣದ ಹಿಂದಿನ ಸಾಲಿನಿಂದ ಪರದೆ ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಬೇಗ ಹೋಗಿ ಮುಂದೆ ಕುಳಿತುಕೊಳ್ಳಿ.