ಹೊಸ ಪಿಟೀಲಿಗಿಂತ ಮೊದಲು ಹೊಸ ತಂತಿ: ಡಾಮಿನೆಂಟ್ ಹಾಕಿಸಿದ ಅನುಭವ

ಪಿಯುಸಿಗೆ ನಿಂತುಹೋಗಿದ್ದ ಪಿಟೀಲನ್ನು, ಮಕ್ಕಳು ಹಾಸ್ಟೆಲ್ ಸೇರಿದ ಮೇಲೆ ಮತ್ತೆ ಕೈಗೆತ್ತಿಕೊಂಡಿದ್ದೇನೆ. ಅಪ್ಪ ಕೊಡಿಸಿದ ಕಲ್ಕತ್ತಾ ಪಿಟೀಲು. ಇದನ್ನೇ ನುಡಿಸುವುದೋ, ಒಳ್ಳೆಯದೊಂದು ಕೊಳ್ಳುವುದೋ ಎಂದು ಯೋಚಿಸುತ್ತಿರುವವರಿಗೆ ನನ್ನ ಮಾತು ಇಷ್ಟೇ: ಮೊದಲು ಕುದುರೆ (ತಂತಿಗಳನ್ನು ಎತ್ತಿಹಿಡಿಯುವ ಮರದ ಬ್ರಿಡ್ಜ್) ಸರಿಮಾಡಿಸಿ, ತಂತಿ ಬದಲಿಸಿ. ಪಿಟೀಲಿನ ವಿಚಾರ ಆಮೇಲೆ.

ನಾನು ಹಾಕಿಸಿದ್ದು ವಿಯೆನ್ನಾದ ಥಾಮಸ್ಟಿಕ್-ಇನ್‌ಫೆಲ್ಡ್ ಕಂಪನಿಯ ಡಾಮಿನೆಂಟ್. 1970ರಿಂದ ಇರುವ ತಂತಿ. ಒಳಗೆ ಉಕ್ಕಿನ ಬದಲು ಪರ್ಲಾನ್ ಎಂಬ ನೈಲಾನ್ ಎಳೆ, ಅದರ ಮೇಲೆ ಲೋಹದ ಸುತ್ತು. ತೀರಾ ತೆಳುವಾದದ್ದು ಮಾತ್ರ ಉಕ್ಕು. ಹಿಂದಿನವರು ಬಳಸುತ್ತಿದ್ದ ಕರುಳಿನ ತಂತಿಯ ಮೆದುದನಿ ಇದರಲ್ಲಿದೆ, ಆದರೆ ಅದರ ಹಾಗೆ ಹವೆ ಬದಲಾದಾಗಲೆಲ್ಲ ಶ್ರುತಿ ಬಿಡುವುದಿಲ್ಲ. ವಿರಾಜಪೇಟೆಯ ಮಳೆಯಲ್ಲಿ ನುಡಿಸುವವರಿಗೆ ಇದು ದೊಡ್ಡ ಅನುಕೂಲ. ಬೆಲೆ ಹೆಚ್ಚು, ನಿಜ. ಒಂದು ಸೆಟ್ಟಿನ ದುಡ್ಡಿಗೆ ಮಾಮೂಲಿ ಉಕ್ಕಿನ ತಂತಿ ಹಲವು ಸೆಟ್ಟು ಬರುತ್ತದೆ.

ದನಿಯಲ್ಲಿ ಆದ ವ್ಯತ್ಯಾಸ ಹೇಳಲೇಬೇಕು. ಮಂದ್ರ ಷಡ್ಜದಿಂದ ಪಂಚಮಕ್ಕೆ ಒಂದೇ ತಂತಿಯ ಮೇಲೆ ಜಾರು ಎಳೆದರೆ ನಡುವೆ ಎಲ್ಲೂ ಕರಕರ ಇಲ್ಲ, ದನಿ ತುಂಬಿಕೊಂಡೇ ಹೋಗುತ್ತದೆ. ಮಾಯಾಮಾಳವಗೌಳ ರಾಗದ ರಿಷಭವನ್ನು ಅಲುಗಿಸುವಾಗ ಬೆರಳ ತುದಿಯಲ್ಲಿ ಗೀರು ಬೀಳುವುದೂ ನಿಂತಿದೆ. ಮೊದಲ ಕೆಲವು ದಿನ ತಂತಿ ಎಳೆದುಕೊಳ್ಳುತ್ತಲೇ ಇರುತ್ತದೆ, ಪದೇಪದೇ ಬಿರಡೆ ತಿರುಗಿಸಬೇಕು. ಅದು ಇಂಥ ತಂತಿಗಳ ಸ್ವಭಾವ.

ಒಂದು ವಿಷಯ ಗಮನಿಸಿ. ಈ ತಂತಿಗಳನ್ನು ಮಾಡಿರುವುದು ಪಾಶ್ಚಾತ್ಯ ಶ್ರುತಿಗೆ, ಅಂದರೆ ದಪ್ಪದಿಂದ ತೆಳುವಿಗೆ ಜಿ, ಡಿ, ಎ, ಇ. ನಾನು ಷಡ್ಜವನ್ನು ‘ಜಿ’ ಸ್ವರಕ್ಕೆ ಇಟ್ಟುಕೊಳ್ಳುತ್ತೇನೆ, ಹಾಗಾಗಿ ದಪ್ಪ ತಂತಿ ಎರಡೂ ಇದ್ದಲ್ಲೇ ಇರುತ್ತವೆ, ತೆಳುವಿನವು ಸ್ವಲ್ಪ ಇಳಿಯುತ್ತವೆ. ಗಂಡುದನಿಗೆಂದು ಷಡ್ಜವನ್ನು ಅದಕ್ಕಿಂತ ಕೆಳಗಿನ ‘ಡಿ’ಗೆ ಇಳಿಸಿದರೆ ನಾಲ್ಕೂ ತೀರಾ ಸಡಿಲವಾಗುತ್ತವೆ. ಅಂಥವರು ಅಂಗಡಿಯಲ್ಲಿ ತಮ್ಮ ಶ್ರುತಿ ಹೇಳಿಯೇ ತಂತಿ ಕೇಳಿ.

ಕೆಲಸ ಮಾಡಿಸಿದ್ದು ಮೈಸೂರಿನ ಒಬ್ಬ ರಿಪೇರಿಯವರ ಹತ್ತಿರ. "ಮರ ಚೆನ್ನಾಗಿದೆ ಮೇಡಂ, ಕುದುರೆ ಎತ್ತರ ಜಾಸ್ತಿ. ಬೆರಳು ನೋಯೋದು ಅದಕ್ಕೇ" ಎಂದು ಕುದುರೆಯನ್ನು ನನ್ನೆದುರೇ ತೆಳುವಾಗಿ ಹೆರೆದು ಕೂರಿಸಿದರು. ಪಿಟೀಲಿನ ಒಳಗೆ ಮುಂಭಾಗಕ್ಕೂ ಬೆನ್ನಿಗೂ ನಡುವೆ ನಿಲ್ಲುವ ಮರದ ಕಡ್ಡಿ, ಅಂದರೆ ಸೌಂಡ್ ಪೋಸ್ಟ್, ವಾಲಿತ್ತು. ಅದನ್ನು ನೆಟ್ಟಗೆ ನಿಲ್ಲಿಸಿದರು. ಅಷ್ಟಕ್ಕೇ ಅರ್ಧ ಪಿಟೀಲು ಬದಲಾಯಿತು.

ಅಲ್ಲೇ ಸ್ಟೆಂಟರ್ ಕಂಪನಿಯ ‘ಸ್ಟೂಡೆಂಟ್ 2’ ಎಂಬ ಪಿಟೀಲನ್ನೂ ನುಡಿಸಿ ನೋಡಿದೆ. ಕೆತ್ತಿದ ಸ್ಪ್ರೂಸ್ ಮರದ ಮುಂಭಾಗ, ಮೇಪಲ್ ಬೆನ್ನು, ಕರಿಮರದ ಬಿರಡೆ. ತಾರಸ್ಥಾಯಿ ಸ್ಪಷ್ಟ, ಆಸೆಯಾಯಿತು. ಆದರೆ ಹೊಸ ತಂತಿ ಹಾಕಿದ ನನ್ನ ಪಿಟೀಲಿಗೂ ಅದಕ್ಕೂ ಮೇಲಿನ ಸ್ವರಗಳಲ್ಲಿ ಬಿಟ್ಟರೆ ಹೇಳಿಕೊಳ್ಳುವ ಅಂತರ ನನ್ನ ಕಿವಿಗೆ ಸಿಗಲಿಲ್ಲ. ಕೊಳ್ಳುವ ಮಾತು ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ. ಒಣಹವೆ ಬಂದ ಮೇಲೆಯೇ ಮರದ ನಿಜವಾದ ದನಿ ಕೇಳುವುದು.

ಮಳೆಗಾಲದಲ್ಲಿ ನಮ್ಮಲ್ಲಿ ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಪಿಟೀಲನ್ನು ಬಿಟ್ಟೀತೇ? ಬಿರಡೆ ಉಬ್ಬಿ ಕಚ್ಚಿಕೊಳ್ಳುತ್ತದೆ, ಕಮಾನಿನ ಕೂದಲು ಜೋಲುತ್ತದೆ. ಅಂಚಿನಲ್ಲಿ ಅಂಟು ಬಿಟ್ಟರೆ ಗಾಬರಿಯಾಗಬೇಡಿ. ಬಿಸಿ, ತೇವಕ್ಕೆ ಸಡಿಲವಾಗುವ ಅಂಟನ್ನೇ ಬೇಕೆಂದು ಬಳಸುತ್ತಾರೆ. ಮರ ಸೀಳುವ ಬದಲು ಅಂಟು ಬಿಡಲಿ ಎಂದು. ಆದರೆ ಅಂಗಡಿಯಲ್ಲಿ ಸಿಗುವ ಫೆವಿಕಾಲನ್ನು ಮಾತ್ರ ಹಚ್ಚಬೇಡಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಒಲೆಯ ಹತ್ತಿರ ಒಣಗಿಸಲು ಹೋಗಬೇಡಿ. ತಂತಿಯನ್ನು ಒಂದೊಂದಾಗಿಯೇ ಬದಲಿಸಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಒಳಗಿನ ಸೌಂಡ್ ಪೋಸ್ಟ್ ಬೀಳಬಹುದು.

ಕಮಾನಿಗೆ ಹೊಸ ಕೂದಲು ಹಾಕುವವರು ಗೋಣಿಕೊಪ್ಪ, ಮಡಿಕೇರಿ ಕಡೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಅದೊಂದಕ್ಕಾಗಿ ಮೈಸೂರಿಗೆ ಹೋಗಿಬರುವುದು ಕಷ್ಟವಾಗುತ್ತಿದೆ.