ನ್ಯೂಯಾರ್ಕ್‌ನ ಹೌಸಿಂಗ್ ಕನೆಕ್ಟ್: ಅರ್ಜಿ ಹಾಕುವುದು ಸುಲಭ, ದಾಟಬೇಕಾದದ್ದು ದಾಖಲೆ

ನ್ಯೂಯಾರ್ಕ್ ನಗರದಲ್ಲಿ ಆದಾಯಕ್ಕೆ ತಕ್ಕ ಬಾಡಿಗೆಯ ಹೊಸ ಮನೆ ಬೇಕೆಂದರೆ ಹೌಸಿಂಗ್ ಕನೆಕ್ಟ್ ಪೋರ್ಟಲ್‌ನ ಲಾಟರಿಯೇ ಮುಖ್ಯ ದಾರಿ. ನಗರದ ವಸತಿ ಇಲಾಖೆ ಎಚ್‌ಪಿಡಿ ಮತ್ತು ವಸತಿ ಹಣಕಾಸು ಸಂಸ್ಥೆ ಎಚ್‌ಡಿಸಿ ಸೇರಿ ಇದನ್ನು ನಡೆಸುತ್ತವೆ. ಪೋರ್ಟಲ್‌ನ ಈಗಿನ ರೂಪ ಬಂದದ್ದು 2020ರಲ್ಲಿ. 2023ರ ಸಮೀಕ್ಷೆಯ ಪ್ರಕಾರ ನಗರದ ಬಾಡಿಗೆ ಮನೆಗಳಲ್ಲಿ ಖಾಲಿ ಇದ್ದದ್ದು ಶೇ. 1.41 ಮಾತ್ರ. ಹಾಗಾಗಿ ಒಂದೊಂದು ಕಟ್ಟಡಕ್ಕೂ ಅರ್ಜಿಗಳು ಸಾವಿರಗಟ್ಟಲೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಅರ್ಜಿ ಹಾಕುವ ಭಾಗಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು, ಹಾಕಿದ ಮೇಲಿನ ಭಾಗಕ್ಕೆ ಎರಡು.

ಮೊದಲು ಸುಲಭದ ಭಾಗ. ಅರ್ಜಿಗೆ ಶುಲ್ಕವಿಲ್ಲ. ಖಾತೆ ತೆರೆದು ಮನೆಯಲ್ಲಿ ಇರುವವರ ಹೆಸರು, ಹುಟ್ಟಿದ ದಿನ, ಪ್ರತಿಯೊಬ್ಬರ ಆದಾಯ, ಉಳಿತಾಯ, ಈಗ ಕಟ್ಟುತ್ತಿರುವ ಬಾಡಿಗೆ ತುಂಬಿದರೆ ಪ್ರೊಫೈಲ್ ಸಿದ್ಧ. ಆಮೇಲೆ ಪ್ರತಿ ಕಟ್ಟಡಕ್ಕೂ ಕೆಲವೇ ನಿಮಿಷದ ಕೆಲಸ. ಮೊದಲ ದಿನ ಹಾಕಿದರೂ ಕೊನೆಯ ದಿನ ಹಾಕಿದರೂ ಒಂದೇ; ಗಡುವು ಮುಗಿದ ಮೇಲೆ ಎಲ್ಲ ಅರ್ಜಿಗಳನ್ನೂ ಕಲಸಿ ಸಂಖ್ಯೆ ಕೊಡುತ್ತಾರೆ. ಬಿಡಿಎ ಸೈಟಿನ ಹಾಗೆ ಹಿಂದೆ ಎಷ್ಟು ಸಲ ಹಾಕಿದ್ದಿರಿ ಎಂಬ ಹಿರಿತನ ಇಲ್ಲಿ ನಡೆಯುವುದಿಲ್ಲ. ಒಂದು ಕಟ್ಟಡಕ್ಕೆ ಒಂದು ಕುಟುಂಬದಿಂದ ಒಂದೇ ಅರ್ಜಿ. ಗಂಡ ಒಂದು, ಹೆಂಡತಿ ಒಂದು ಹಾಕಿ ಇಬ್ಬರ ಅರ್ಜಿಯಲ್ಲೂ ಇಬ್ಬರ ಹೆಸರಿದ್ದರೆ ಅವಕಾಶ ಎರಡುಪಟ್ಟಾಗುವುದಿಲ್ಲ, ಅರ್ಜಿಯೇ ತಿರಸ್ಕೃತವಾಗಬಹುದು. ಆನ್‌ಲೈನ್ ಬೇಡವೆಂದರೆ ಕಾಗದದ ಅರ್ಜಿಯನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು, ಆದರೆ ಆನ್‌ಲೈನ್ ಒಂದು, ಕಾಗದ ಒಂದು ಅಂತ ಎರಡೂ ಕೂಡದು.

ಜನ ಎಡವುವುದು ಜಾಹೀರಾತಿನ ಕೋಷ್ಟಕ ಓದುವಲ್ಲಿ. ಅದರ ಒಂದೊಂದು ಸಾಲಿನಲ್ಲೂ ಬೆಡ್‌ರೂಮ್, ಬಾಡಿಗೆ, ಮನೆಗಳ ಸಂಖ್ಯೆ, ಕುಟುಂಬದ ಗಾತ್ರ, ಆದಾಯದ ಕನಿಷ್ಠ ಮತ್ತು ಗರಿಷ್ಠ ಮಿತಿ ಇರುತ್ತವೆ. ಇದರ ಬೇರು ಎಎಂಐ, ಅಂದರೆ ಪ್ರದೇಶದ ಮಧ್ಯಮ ಆದಾಯ. ಕೇಂದ್ರ ಸರ್ಕಾರದ ವಸತಿ ಇಲಾಖೆ ಪ್ರತಿ ವರ್ಷ ಅದನ್ನು ಹೊಸದಾಗಿ ಪ್ರಕಟಿಸುತ್ತದೆ. 2025ರಲ್ಲಿ ಮೂವರ ಕುಟುಂಬಕ್ಕೆ ಶೇ. 100 ಎಎಂಐ ಎಂದರೆ 1,45,800 ಡಾಲರ್. ಶೇ. 60ರ ಸಾಲಿನಲ್ಲಿ ಗರಿಷ್ಠ ಮಿತಿ 87,480, ಶೇ. 80ರಲ್ಲಿ 1,16,640, ಶೇ. 130ರಲ್ಲಿ 1,89,540. ಈ ಲೆಕ್ಕದಲ್ಲಿ ನಗರದ ಹೊರಗಿನ ಕೆಲವು ಅನುಕೂಲಸ್ಥ ಕೌಂಟಿಗಳೂ ಸೇರಿವೆ. ಬ್ರಾಂಕ್ಸ್‌ನ ಬಡ ಬಡಾವಣೆಯೊಂದರಲ್ಲಿ ಎದ್ದ ಕಟ್ಟಡದ ‘ಕೈಗೆಟುಕುವ’ ಬಾಡಿಗೆ ಅಲ್ಲಿಯವರ ಕೈಗೇ ಎಟುಕದಿರುವುದಕ್ಕೆ ಇದೂ ಒಂದು ಕಾರಣ.

ಮನೆಗಳ ಸಂಖ್ಯೆಯ ಕಾಲಂ ಬಿಡದೆ ನೋಡಿ. ಲಾಟರಿಗೆ ತೊಂಬತ್ತು ಮನೆ ಇವೆ ಎಂದು ಹಿಗ್ಗಿದರೆ ನಿಮ್ಮ ಸಾಲಿನಲ್ಲಿ ಇರುವುದು ಮೂರೇ ಆಗಿರಬಹುದು. ಸಾಲುಗಳ ನಡುವೆ ಕಂದಕವೂ ಇರುತ್ತದೆ. ಶೇ. 60ರ ಸಾಲು 87,480ಕ್ಕೆ ಮುಗಿದು ಮುಂದಿನದು ಒಂದು ಲಕ್ಷದ ಹತ್ತಿರ ಶುರುವಾದರೆ, 92,000 ದುಡಿಯುವ ಮೂವರ ಕುಟುಂಬಕ್ಕೆ ಆ ಕಟ್ಟಡದಲ್ಲಿ ಜಾಗವೇ ಇಲ್ಲ. ಸೆಕ್ಷನ್ 8ರಂಥ ಬಾಡಿಗೆ ವೋಚರ್, ಅಂದರೆ ಬಾಡಿಗೆಯ ಒಂದು ಪಾಲನ್ನು ಸರ್ಕಾರವೇ ಕಟ್ಟುವ ನೆರವು, ಇದ್ದವರಿಗೆ ಕನಿಷ್ಠ ಮಿತಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಗರಿಷ್ಠ ಮಿತಿ ಮಾತ್ರ ಅವರಿಗೂ ಉಂಟು.

ಆದಾಯದ ಲೆಕ್ಕಕ್ಕೆ ಬರೋಣ, ಏಕೆಂದರೆ ಬಂದ ಮನೆ ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಸಂಬಳದವರು ಆದಾಯವೆಂದು ತೋರಿಸಬೇಕಾದದ್ದು ಕೈಗೆ ಬಂದ ಹಣವನ್ನಲ್ಲ. ತೆರಿಗೆ, ಇನ್ಶೂರೆನ್ಸ್, 401ಕೆ ಎಂಬ ನಿವೃತ್ತಿ ಉಳಿತಾಯದ ಕಡಿತಕ್ಕೆ ಮುಂಚಿನ ಒಟ್ಟು ಸಂಬಳವನ್ನು. ವಾರದ ಸಂಬಳವಾದರೆ 52ರಿಂದ ಗುಣಿಸಿ, ಎರಡು ವಾರಕ್ಕೊಮ್ಮೆಯಾದರೆ 26ರಿಂದ, ತಿಂಗಳಿಗೆರಡು ಸಲವಾದರೆ 24ರಿಂದ, ತಿಂಗಳ ಸಂಬಳವಾದರೆ 12ರಿಂದ. 26 ಮತ್ತು 24ರ ನಡುವಿನ ಎಡವಟ್ಟು ಬಹಳ ಸಾಮಾನ್ಯ. ಎರಡು ವಾರಕ್ಕೊಮ್ಮೆ 3,380 ಡಾಲರ್ ಪಡೆಯುವವರು ತಿಂಗಳಿಗೆರಡು ಸಲ ತಾನೇ ಎಂದು 24ರಿಂದ ಗುಣಿಸಿದರೆ 81,120 ಬರುತ್ತದೆ, ಮೇಲಿನ ಶೇ. 60ರ ಸಾಲಿಗೆ ಆರಾಮಾಗಿ ಸೇರಿದಂತೆ ಕಾಣುತ್ತದೆ. ಸರಿಯಾದ ಲೆಕ್ಕ 87,880. ಮಿತಿಗಿಂತ ಬರೀ 400 ಡಾಲರ್ ಹೆಚ್ಚು, ಆದರೂ ಅನರ್ಹ. ಇಲ್ಲಿ ‘ಸ್ವಲ್ಪ ನೋಡಿ ಸಾರ್’ ಎಂಬುದು ನಡೆಯುವುದಿಲ್ಲ.

ಓವರ್‌ಟೈಮ್, ಬೋನಸ್, ಟಿಪ್ಸ್, ಎರಡನೇ ಕೆಲಸ, ಬ್ಯಾಂಕ್ ಬಡ್ಡಿ, ಊರಿನಲ್ಲಿರುವ ಮನೆಯಿಂದ ಬರುವ ಬಾಡಿಗೆ, ಅಣ್ಣನೋ ಅಕ್ಕನೋ ತಿಂಗಳು ತಿಂಗಳು ಕಳಿಸುವ ಹಣ ಎಲ್ಲವೂ ಆದಾಯವೇ. ಸ್ವಂತ ದುಡಿಮೆಯವರಿಗೆ, ಅಂದರೆ ಟ್ಯಾಕ್ಸಿ ಓಡಿಸುವವರಿಗೆ, ಫ್ರೀಲಾನ್ಸ್ ಮಾಡುವವರಿಗೆ, ಖರ್ಚು ಕಳೆದ ನಿವ್ವಳ ಆದಾಯ ಲೆಕ್ಕಕ್ಕೆ ಬರುತ್ತದೆ; ಅದನ್ನು ಹಿಂದಿನ ವರ್ಷಗಳ ತೆರಿಗೆ ರಿಟರ್ನ್ ಜೊತೆ ತಾಳೆ ನೋಡುತ್ತಾರೆ. ಇನ್ನೊಂದು ಮಾತು: ಕಡತ ಪರಿಶೀಲಿಸುವ ಹೊತ್ತಿಗೆ ಕೇಳುವುದು ಮುಂದಿನ ಹನ್ನೆರಡು ತಿಂಗಳಲ್ಲಿ ಬರಬಹುದಾದ ಆದಾಯವನ್ನು. ಅರ್ಜಿ ಹಾಕಿದ ಮೇಲೆ ಸಂಬಳ ಏರಿದ್ದರೆ ಏರಿದ್ದೇ ಲೆಕ್ಕ. ಮಿತಿಯ ಅಂಚಿನಲ್ಲಿರುವವರು ಇದನ್ನು ತಲೆಯಲ್ಲಿಟ್ಟುಕೊಂಡೇ ಕಟ್ಟಡ ಆರಿಸಬೇಕು.

ಗಡುವು ಮುಗಿದ ಮೇಲೆ ಬರುವುದು ಲಾಗ್ ನಂಬರ್. ಚಿಕ್ಕ ಸಂಖ್ಯೆಯಾದಷ್ಟೂ ಸರದಿಯಲ್ಲಿ ಮುಂದೆ. ಆದರೆ ಸರದಿ ನೇರ ಗೆರೆಯಲ್ಲ. ಓಡಾಟದ ತೊಂದರೆ ಇರುವವರಿಗೆ ಶೇ. 5, ದೃಷ್ಟಿ ಅಥವಾ ಶ್ರವಣ ದೋಷ ಇರುವವರಿಗೆ ಶೇ. 2 ಮನೆಗಳು ಮೀಸಲು. ಕಟ್ಟಡ ಇರುವ ಕಮ್ಯುನಿಟಿ ಬೋರ್ಡ್ (ಬಡಾವಣೆ ಮಟ್ಟದ ಸ್ಥಳೀಯ ಮಂಡಳಿ) ವ್ಯಾಪ್ತಿಯ ನಿವಾಸಿಗಳಿಗೆ ಮೊದಲು ಅರ್ಧದಷ್ಟು ಮನೆಗಳಲ್ಲಿ ಆದ್ಯತೆ ಇತ್ತು. 2015ರಲ್ಲಿ ಹೂಡಿದ ಮೊಕದ್ದಮೆಯೊಂದು 2024ರ ಜನವರಿಯಲ್ಲಿ ರಾಜಿಯಾದ ಮೇಲೆ ಅದು ಶೇ. 20ಕ್ಕೆ ಇಳಿದಿದೆ, 2029ರ ಏಪ್ರಿಲ್ ನಂತರ ಶೇ. 15 ಆಗಲಿದೆ. ಉಳಿದ ಮನೆಗಳಲ್ಲೂ ನಗರದ ನಿವಾಸಿಗಳಿಗೇ ಮುಂಗಡ ಅವಕಾಶ. ಪಕ್ಕದ ನ್ಯೂಜರ್ಸಿ ರಾಜ್ಯದ ಜರ್ಸಿ ಸಿಟಿ, ಎಡಿಸನ್ ಕಡೆಯಿಂದಲೂ ಅರ್ಜಿ ಹಾಕಲು ಅಡ್ಡಿಯಿಲ್ಲ, ಆದರೆ ನಗರದವರೆಲ್ಲ ಮುಗಿದ ಮೇಲೇ ಸರದಿ, ಅದು ಬರುವುದು ಅಪರೂಪ.

ಲಾಗ್ ನಂಬರ್ ಸಾವಿರಗಳಲ್ಲಿದ್ದರೆ ಆಸೆ ಬಿಡಬೇಕಿಲ್ಲ, ಮುಂದಿದ್ದವರಲ್ಲಿ ಬಹಳ ಮಂದಿ ಉತ್ತರಿಸದೆ, ದಾಖಲೆ ಕೊಡದೆ, ಆದಾಯ ಹೊಂದದೆ ಕಳಚಿಕೊಳ್ಳುತ್ತಾರೆ. ಐವತ್ತು ಸಾವಿರದ ಆಚೆ ಇದ್ದರೆ ಆ ಕಟ್ಟಡವನ್ನು ಮರೆತು ಮುಂದಿನದಕ್ಕೆ ಹಾಕುವುದೇ ಲೇಸು. ಕರೆ ಬರುವುದಾದರೆ ಸಾಮಾನ್ಯವಾಗಿ ಗಡುವಿನ ನಂತರ ಎರಡರಿಂದ ಹತ್ತು ತಿಂಗಳೊಳಗೆ. ಆ ಅವಧಿಯ ಮೌನವೇ ಈ ಸೇವೆಯ ದೊಡ್ಡ ದೋಷ. ಸಂಖ್ಯೆ ಎಷ್ಟರವರೆಗೆ ತಲುಪಿದೆ, ನಿಮ್ಮ ಸಾಲಿನ ಮನೆಗಳು ಮುಗಿದವೋ ಇಲ್ಲವೋ ಎಂಬುದನ್ನು ಕಾಯುವವರಿಗೆ ಸರಿಯಾಗಿ ತಿಳಿಸುವ ಏರ್ಪಾಡಿಲ್ಲ. ಕರೆ ಬಂದರೆ ಇಮೇಲ್ ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿ ಕೂತಿರಬಹುದು. ಫೋನ್ ನಂಬರ್, ವಿಳಾಸ ಬದಲಾದ ದಿನವೇ ಪ್ರೊಫೈಲ್‌ನಲ್ಲೂ ಬದಲಿಸಿ.

ದಾಖಲೆ ಕೇಳುವುದು ನಗರವಲ್ಲ, ಕಟ್ಟಡದ ಪರವಾಗಿ ಕೆಲಸ ಮಾಡುವ ಮಾರ್ಕೆಟಿಂಗ್ ಏಜೆಂಟ್. ಕೊಡುವ ಕಾಲಾವಕಾಶ ಕೆಲವೇ ದಿನ, ಆದ್ದರಿಂದ ಕಡತ ಮೊದಲೇ ಸಿದ್ಧವಿರಬೇಕು: ಸಾಲಾಗಿ ಬಂದ ಇತ್ತೀಚಿನ ಸಂಬಳದ ಚೀಟಿಗಳು, ಅಂದರೆ ಪೇ ಸ್ಟಬ್‌ಗಳು, ಡಬ್ಲ್ಯೂ-2 (ವರ್ಷದ ಸಂಬಳ ಮತ್ತು ತೆರಿಗೆ ಕಡಿತದ ಪತ್ರ), ತೆರಿಗೆ ರಿಟರ್ನ್, ಉದ್ಯೋಗದಾತರ ಪತ್ರ, ಪ್ರತಿ ಖಾತೆಯ ಬ್ಯಾಂಕ್ ಸ್ಟೇಟ್‌ಮೆಂಟ್, ಈಗಿನ ಲೀಸ್, ಬಾಡಿಗೆ ಕಟ್ಟಿದ ರಸೀದಿ, ಕರೆಂಟ್ ಬಿಲ್, ಗುರುತಿನ ಚೀಟಿ, ಮಕ್ಕಳ ಜನನ ಪತ್ರ ಮತ್ತು ಶಾಲೆಯ ಪತ್ರ. ಸ್ಟೇಟ್‌ಮೆಂಟ್‌ನ ಎಲ್ಲ ಪುಟಗಳೂ ಬೇಕು. ‘ಈ ಪುಟ ಖಾಲಿ ಬಿಡಲಾಗಿದೆ’ ಎಂದು ಅಚ್ಚಾದ ಕೊನೆಯ ಪುಟ ಬಿಟ್ಟರೂ ಕಡತ ಅಪೂರ್ಣ ಎಂದು ವಾಪಸ್ ಬರಬಹುದು. ಸಂಬಳವಲ್ಲದ ದೊಡ್ಡ ಜಮೆಗಳಿದ್ದರೆ ಎಲ್ಲಿಂದ ಬಂತೆಂದು ಒಂದು ಸಾಲಿನ ವಿವರಣೆ ಬರೆದಿಟ್ಟುಕೊಳ್ಳಿ, ಕೇಳಿಯೇ ಕೇಳುತ್ತಾರೆ. ನಮ್ಮವರಿಗೆ ಹೆಚ್ಚು ತೊಡಕಾಗುವುದು ಹೆಸರು. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಸೇರಿ, ಬ್ಯಾಂಕಿನಲ್ಲಿ ಬರೀ ಇನಿಶಿಯಲ್, ಪೇ ಸ್ಟಬ್‌ನಲ್ಲಿ ಇನ್ನೊಂದು ಕ್ರಮ ಇದ್ದರೆ ಒಬ್ಬರೇ ಎಂಬ ಪ್ರಮಾಣಪತ್ರ ಸಿದ್ಧವಿರಲಿ.

ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೂ ಅರ್ಜಿ ಹಾಕಬಹುದು. ಕೇಂದ್ರದ ನೆರವು ಸೇರಿದ ಕೆಲವು ಮನೆಗಳಿಗೆ ಮಾತ್ರ ವಲಸೆ ಸ್ಥಿತಿ ಪರಿಶೀಲಿಸುತ್ತಾರೆ. ಮನೆಯವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ ಕಟ್ಟುವವರಿಗೆ ಕೇಂದ್ರ ಕೊಡುವ ತೆರಿಗೆ ರಿಯಾಯಿತಿ ಯೋಜನೆಯ ಮನೆಗಳು ಸಿಗುವುದಿಲ್ಲ, ವಿನಾಯಿತಿಗಳು ಕೆಲವೇ. ಕ್ರೆಡಿಟ್ ಇತಿಹಾಸ ಚೆನ್ನಾಗಿಲ್ಲದವರಿಗೆ ಅಥವಾ ಇಲ್ಲವೇ ಇಲ್ಲದ ಹೊಸಬರಿಗೆ ಒಂದು ಒಳ್ಳೆಯ ನಿಯಮವಿದೆ: ಹನ್ನೆರಡು ತಿಂಗಳು ಬಾಡಿಗೆಯನ್ನು ಪೂರ್ತಿ ಕಟ್ಟಿದ ಪುರಾವೆ ಕೊಟ್ಟು ಕ್ರೆಡಿಟ್ ತಪಾಸಣೆಯನ್ನೇ ಬಿಡಿಸಿಕೊಳ್ಳಬಹುದು. ಅದಕ್ಕೇ ಬಾಡಿಗೆಯನ್ನು ನಗದಿನಲ್ಲಿ ಕೊಡಬೇಡಿ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಜಾಡು ಇರಲಿ. ತಪಾಸಣೆ ಮಾಡಿದರೂ ರಾಜ್ಯದ ಕಾನೂನಿನಂತೆ ಅದರ ಶುಲ್ಕ 20 ಡಾಲರ್ ಮೀರುವಂತಿಲ್ಲ, ಠೇವಣಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ. ‘ನಂಬರ್ ಮುಂದೆ ತರಿಸಿಕೊಡುತ್ತೇನೆ’ ಎಂದು ಹಣ ಕೇಳುವವರು ಶುದ್ಧ ಮೋಸಗಾರರು. ಅರ್ಜಿ ತುಂಬಲು ನೆರವು ಬೇಕೆಂದರೆ ಹೌಸಿಂಗ್ ಅಂಬಾಸಿಡರ್ ಎಂದು ಕರೆಸಿಕೊಳ್ಳುವ ಸಂಸ್ಥೆಗಳು ಉಚಿತವಾಗಿ ಮಾಡಿಕೊಡುತ್ತವೆ. ಯಾವುದು ಹತ್ತಿರವೆಂದು ನಗರದ ಸಹಾಯವಾಣಿ 311ಕ್ಕೆ ಕರೆ ಮಾಡಿದರೆ ಗೊತ್ತಾಗುತ್ತದೆ.

ತಿರಸ್ಕಾರದ ಪತ್ರ ಬಂದರೆ ಅದನ್ನೇ ಅಂತಿಮ ಎಂದುಕೊಳ್ಳಬೇಡಿ. ಮೇಲ್ಮನವಿಗೆ ಹತ್ತು ಕೆಲಸದ ದಿನಗಳಿವೆ. ಏಜೆಂಟರ ಲೆಕ್ಕದಲ್ಲೂ ತಪ್ಪಿರುತ್ತದೆ: ಒಂದೇ ಸಲ ಬಂದ ಬೋನಸ್ಸನ್ನು ಪ್ರತಿ ಪೇ ಸ್ಟಬ್‌ಗೂ ಹರಡಿ ಗುಣಿಸುವುದು, ಬಿಟ್ಟ ಕೆಲಸದ ಸಂಬಳವನ್ನೂ ಸೇರಿಸುವುದು. ನಿಮ್ಮ ಗುಣಾಕಾರವನ್ನು ಸಾಲು ಸಾಲಾಗಿ ಬರೆದು, ಪ್ರತಿ ಅಂಕಿಯ ಪಕ್ಕ ಅದು ಯಾವ ದಾಖಲೆಯದೆಂದು ನಮೂದಿಸಿ ಕಳಿಸಿ. ‘ನನಗೆ ಮನೆ ಬಹಳ ಅಗತ್ಯ’ ಎಂಬ ಎರಡು ಪುಟದ ಪತ್ರಕ್ಕಿಂತ ಇದು ಕೆಲಸ ಮಾಡುತ್ತದೆ.

ಯಾವ ಸಾಲಿಗೆ ಹಾಕುವುದು ಲಾಭ? ಶೇ. 30ರಿಂದ 60ರ ಮನೆಗಳು ನಿಜಕ್ಕೂ ಬದುಕು ಬದಲಿಸುವಷ್ಟು ಅಗ್ಗ, ನೂಕುನುಗ್ಗಲೂ ಅಲ್ಲೇ. ಶೇ. 130ರಲ್ಲಿ ಪೈಪೋಟಿ ಕಡಿಮೆ, ಏಕೆಂದರೆ ಕೆಲವು ಬಡಾವಣೆಗಳಲ್ಲಿ ಆ ಬಾಡಿಗೆ ಮಾರುಕಟ್ಟೆ ದರದ ಪಕ್ಕದಲ್ಲೇ ನಿಲ್ಲುತ್ತದೆ. ಅದೇ ಬೀದಿಯ ಬೇರೆ ಮನೆಗಳ ಬಾಡಿಗೆ ನೋಡದೆ ಒಪ್ಪಬೇಡಿ. ಆದರೂ ಈ ಮನೆಗಳಲ್ಲಿ ಬಹುಪಾಲು ರೆಂಟ್ ಸ್ಟೆಬಿಲೈಸ್ಡ್ ಆಗಿರುತ್ತವೆ, ಅಂದರೆ ವರ್ಷದ ಏರಿಕೆಗೆ ಕಡಿವಾಣವಿದೆ, ಲೀಸ್ ನವೀಕರಣದ ಹಕ್ಕಿದೆ. ಒಳಗೆ ಹೋದ ಮೇಲೆ ಸಂಬಳ ಏರಿತೆಂದು ಸಾಮಾನ್ಯವಾಗಿ ಹೊರಹಾಕುವುದಿಲ್ಲ. ಮಧ್ಯಮ ಆದಾಯದವರಿಗಾಗಿ ಸರ್ಕಾರದ ನೆರವಿನಿಂದ ಕಟ್ಟಿದ ಮಿಚೆಲ್-ಲಾಮಾ ಮನೆಗಳಿಗೆ ಪೋರ್ಟಲ್ ಮತ್ತು ಕಾಯುವ ಪಟ್ಟಿ ಬೇರೆ, ಸಾರ್ವಜನಿಕ ವಸತಿ ನಡೆಸುವ ನಗರದ ಸಂಸ್ಥೆ ನೈಚಾಗೆ ಅರ್ಜಿಯೇ ಬೇರೆ. ಹೌಸಿಂಗ್ ಕನೆಕ್ಟ್‌ನಲ್ಲಿ ಹೆಸರಿದ್ದರೂ ಆ ಎರಡಕ್ಕೂ ಪ್ರತ್ಯೇಕವಾಗಿ ಹಾಕಬೇಕು.